ಹನ್ನೆರಡೂ ಪಿಟ್‌ನಲ್ಲಿ 0.8 ಓಮ್, ಆದರೂ ಹ್ಯಾಂಡಲ್ ಶಾಕ್ ಹೊಡೆದದ್ದೇಕೆ?

ಪ್ರಶ್ನೆ: ಸರ್, ನಾನು ಬಯಲುಸೀಮೆಯ ಒಂದು 66/11 ಕೆವಿ ಸ್ಟೇಷನ್ನಿನಲ್ಲಿ ಶಿಫ್ಟ್ ನೋಡಿಕೊಳ್ಳುತ್ತೇನೆ. ಮೂರು ವರ್ಷದ ಹಿಂದೆ ಯಾರ್ಡಿನ ಬೇಲಿಯನ್ನು ಆಚೆ ಸರಿಸಿ ಹೊಸದೊಂದು 66 ಕೆವಿ ಬೇ (ಒಂದು ಲೈನಿನ ಬ್ರೇಕರ್, ಸ್ವಿಚ್‌ಗಳೆಲ್ಲ ಕೂರುವ ಅಂಕಣ) ಕಟ್ಟಿದರು. ಕಳೆದ ಬೇಸಿಗೆಯಲ್ಲಿ ಆ ಲೈನಿಗೆ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಬಂದ್ ಮಾಡಿ ಕೆಲಸಕ್ಕೆ ಬಿಟ್ಟುಕೊಡುವುದು) ಕೊಡಬೇಕಿತ್ತು. ಬ್ರೇಕರ್ ತೆಗೆದು ಐಸೊಲೇಟರ್ (ಲೈನನ್ನು ಬೇರ್ಪಡಿಸುವ ಸ್ವಿಚ್) ಹ್ಯಾಂಡಲ್ ತಿರುಗಿಸುತ್ತಿದ್ದೆ. ಅದೇ ಹೊತ್ತಿಗೆ ಒಂದು 11 ಕೆವಿ ಫೀಡರ್ ಅರ್ಥ್ ಫಾಲ್ಟ್ (ಕರೆಂಟ್ ನೆಲಕ್ಕೆ ಹರಿಯುವ ದೋಷ) ಮೇಲೆ ಟ್ರಿಪ್ ಆಯಿತು, ನನಗೆ ಭುಜದವರೆಗೆ ಶಾಕ್ ಹೊಡೆಯಿತು. ಫಾಲ್ಟ್ ಆದದ್ದು ಊರಾಚೆಯ ಲೈನಿನಲ್ಲಿ, ನಾನು ಹಿಡಿದಿದ್ದು ಬೇರೆಯದೇ ಬೇಯ ಹ್ಯಾಂಡಲ್. ಅರ್ಥ್ ಪಿಟ್‌ಗಳನ್ನೆಲ್ಲ (ಅರ್ಥಿಂಗ್ ಪೈಪ್ ಇಳಿಸಿದ ಗುಂಡಿಗಳು) ಅಳೆಸಿದೆವು, ಹನ್ನೆರಡರಲ್ಲೂ 0.8 ಓಮ್ ಬಂತು. ಹೊಸ ಬೇಯಲ್ಲಿ ಆರು ಕೆಮಿಕಲ್ ಪಿಟ್ ಹಾಕಿದರೆ ಸರಿಹೋಗುತ್ತದೆ ಎಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಹಾಕಿಸಬೇಕೆ? ಒಂದೊಂದು ಸ್ಟ್ರಕ್ಚರಿಗೆ ಎರಡೆರಡು ಅರ್ಥ್ ಪಟ್ಟಿ ಏಕೆ, ದಪ್ಪದ್ದು ಒಂದು ಸಾಲದೆ? ಅರ್ಥಿಂಗ್, ಬಾಂಡಿಂಗ್ ಎರಡೂ ಒಂದೇ ಅಲ್ಲವೆ? (ಹೆಸರು ಹಾಕಬೇಡಿ.)

ಉತ್ತರ: ಪಿಟ್ ಈಗಲೇ ಹಾಕಿಸಬೇಡಿ. ಆ ದುಡ್ಡಿನಲ್ಲಿ ನಾಲ್ಕು ಆಳು ಕರೆಸಿ ಹೊಸ ಬೇಯಲ್ಲಿ ಎರಡು, ಎರಡೂವರೆ ಅಡಿ ಅಗೆಸಿ ನೋಡಿ. ನೀವು ಬರೆದಿರುವುದನ್ನು ಓದಿದರೆ, ಆ ಬೇಯ ಕೆಳಗೆ ಅರ್ಥ್ ಮ್ಯಾಟ್ (ನೆಲದೊಳಗೆ ಹಾಸುವ ಕಬ್ಬಿಣದ ಬಲೆ) ಇಲ್ಲವೇ ಇಲ್ಲ ಎಂಬ ಅನುಮಾನ ನನಗೆ ಬಲವಾಗಿದೆ. ಬೇಲಿ ಸರಿಸಿದ್ದಾರೆ, ಸ್ಟ್ರಕ್ಚರ್ ನಿಲ್ಲಿಸಿದ್ದಾರೆ, ಪಟ್ಟಿ ಇಳಿಸಿ ಹಳೆಯ ಯಾರ್ಡಿನ ಅಂಚಿಗೆ ಎಳೆದು ಕಟ್ಟಿದ್ದಾರೆ, ಅಷ್ಟಕ್ಕೇ ಕೈ ತೊಳೆದುಕೊಂಡಿದ್ದಾರೆ. ವಿಸ್ತರಣೆ ಕೆಲಸಗಳಲ್ಲಿ ಇದನ್ನು ನಾನು ಒಂದಲ್ಲ, ಹಲವು ಕಡೆ ಕಂಡಿದ್ದೇನೆ. ನೆಲದೊಳಗೆ ಹೋಗುವ ಕಬ್ಬಿಣವನ್ನು ಬಿಲ್ ಪಾಸ್ ಮಾಡುವವರು ನೋಡುವುದಿಲ್ಲ.

ನಿಮ್ಮನ್ನು ನಿಜವಾಗಿ ಕಾಡಿದ ಪ್ರಶ್ನೆಯಿಂದಲೇ ಶುರುಮಾಡೋಣ. ಫಾಲ್ಟ್ ಎಲ್ಲೋ ಆದರೆ ನಿಮ್ಮ ಕೈಗೇಕೆ ಹೊಡೆಯಬೇಕು? 11 ಕೆವಿ ತಂತಿ ತುಂಡಾಗಿ ಹೊಲಕ್ಕೆ ಬಿತ್ತು ಅನ್ನಿ. ಕರೆಂಟ್ ಆ ಮಣ್ಣಿನಲ್ಲಿ ಇಂಗಿ ಮಾಯವಾಗುವುದಿಲ್ಲ. ಅದು ಹೊರಟದ್ದು ನಿಮ್ಮ ಟ್ರಾನ್ಸ್‌ಫಾರ್ಮರಿನಿಂದ, ಮರಳಬೇಕಾದದ್ದೂ ಅಲ್ಲಿಗೇ. ನೆಲದಲ್ಲಿ ಹರಡಿಕೊಂಡು ಬಂದು, ನಿಮ್ಮ ಯಾರ್ಡಿನ ಅರ್ಥ್ ಮ್ಯಾಟ್ ಮೂಲಕ ನ್ಯೂಟ್ರಲ್ ಪಟ್ಟಿಯನ್ನು ಹತ್ತಿ ಮೇಲೇರುತ್ತದೆ. ಹಾಗಾಗಿ ಊರಾಚೆ ಆದ ಪ್ರತಿಯೊಂದು ಅರ್ಥ್ ಫಾಲ್ಟಿಗೂ ನಿಮ್ಮ ಮ್ಯಾಟ್ ಪಾಲುದಾರ. ಸ್ಟೇಷನ್ ಭಾಷೆಯಲ್ಲಿ ‘ಅರ್ಥ್ ಆಯ್ತು’ ಅಂದರೆ ಲೈನ್ ಕೆಟ್ಟಿತು ಎಂದರ್ಥ. ಆದರೆ ಹೀಗೆ ಮರಳಿ ಬರುವ ದಾರಿ ನಮ್ಮಲ್ಲಿ ಬಹಳ ಜನಕ್ಕೆ ಅರ್ಥವಾಗಿಲ್ಲ.

ಆ ಕರೆಂಟು 1000 ಆಂಪಿಯರ್ ಎಂದಿಟ್ಟುಕೊಳ್ಳಿ. ಮ್ಯಾಟಿನ ರೆಸಿಸ್ಟೆನ್ಸ್ 0.8 ಓಮ್. ಎರಡನ್ನೂ ಗುಣಿಸಿದರೆ 800 ವೋಲ್ಟ್. ಅಂದರೆ ರಿಲೇ (ಫಾಲ್ಟ್ ಗುರುತಿಸುವ ಸಾಧನ) ಕೆಲಸ ಮಾಡಿ ಬ್ರೇಕರ್ ಬಿಡುವ ತನಕ ನಿಮ್ಮ ಮ್ಯಾಟ್, ಅದಕ್ಕೆ ಕಟ್ಟಿದ ಪ್ರತಿ ಸ್ಟ್ರಕ್ಚರ್, ಪ್ರತಿ ಹ್ಯಾಂಡಲ್, ಮಾರ್ಷಲಿಂಗ್ ಬಾಕ್ಸಿನ ಬಾಗಿಲು, ಎಲ್ಲವೂ ದೂರದ ನೆಲಕ್ಕಿಂತ 800 ವೋಲ್ಟ್ ಮೇಲೆ ಕೂತಿರುತ್ತವೆ. ‘ಅರ್ಥ್ ಮಾಡಿದ್ದು ಅಂದರೆ ಸೊನ್ನೆ ವೋಲ್ಟ್’ ಎಂಬ ನಂಬಿಕೆ ಫಾಲ್ಟ್ ಇಲ್ಲದ ಹೊತ್ತಿಗೆ ಮಾತ್ರ ನಿಜ.

ಹಾಗಾದರೆ ಹಳೆಯ ಯಾರ್ಡಿನಲ್ಲಿ ಹ್ಯಾಂಡಲ್ ಹಿಡಿದವರಿಗೆ ಏನೂ ಆಗುವುದಿಲ್ಲವಲ್ಲ, ಹೇಗೆ? ಅಲ್ಲಿ ಅವರ ಕಾಲಡಿಯ ನೆಲವೂ ಹ್ಯಾಂಡಲಿನ ಜೊತೆಗೇ ಏರುತ್ತದೆ. ಸುಮಾರು 600 ಮಿಲಿಮೀಟರ್ ಆಳದಲ್ಲಿ ಮೂರರಿಂದ ಏಳು ಮೀಟರಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ ಹಾಸಿದ ಕಬ್ಬಿಣದ ಬಲೆ ಇದೆಯಲ್ಲ, ಅದರ ನಿಜವಾದ ಕೆಲಸ ಇದೇ. ದೋಣಿಯಲ್ಲಿ ಕೂತವನಿಗೆ ನೀರು ಏರಿದ್ದು ತಿಳಿಯುವುದಿಲ್ಲ, ದಡಕ್ಕೂ ದೋಣಿಗೂ ಒಂದೊಂದು ಕಾಲು ಇಟ್ಟವನಿಗೆ ತಿಳಿಯುತ್ತದೆ. ನಿಮ್ಮ ಹೊಸ ಬೇಯಲ್ಲಿ ಕೈ ದೋಣಿಯಲ್ಲಿತ್ತು, ಕಾಲು ದಡದಲ್ಲಿತ್ತು.

ಇದನ್ನು ಲೆಕ್ಕದಲ್ಲಿ ನೋಡೋಣ. ಹಳೆಯ ಯಾರ್ಡ್ 60 ಮೀಟರಿಗೆ 60 ಮೀಟರ್, ಮಣ್ಣಿನ ರೆಸಿಸ್ಟಿವಿಟಿ (ಕರೆಂಟನ್ನು ತಡೆಯುವ ಗುಣ) 100 ಓಮ್-ಮೀಟರ್ ಎಂದಿಟ್ಟುಕೊಳ್ಳುತ್ತೇನೆ. ನಿಮ್ಮ 0.8 ಓಮ್ ಅಂಕಿಗೆ ಇದು ಹೊಂದುತ್ತದೆ. ಮ್ಯಾಟ್ ಏರಿದಾಗ ಅದರ ಅಂಚಿನಿಂದಾಚೆಗೆ ನೆಲದ ವೋಲ್ಟೇಜ್ ಇಳಿಜಾರಿನಂತೆ ಇಳಿಯುತ್ತ ಹೋಗುತ್ತದೆ. ಅಂಚಿನಿಂದ ಹತ್ತು ಮೀಟರ್ ಆಚೆ ಅದು ಮ್ಯಾಟಿನ ಸುಮಾರು ಶೇ. 56ಕ್ಕೆ ಬಂದಿರುತ್ತದೆ. 800ರಲ್ಲಿ ಅದು 450 ವೋಲ್ಟ್. ಹ್ಯಾಂಡಲ್ 800ರಲ್ಲಿ, ಕಾಲು 450ರಲ್ಲಿ. ಕೈಗೂ ಕಾಲಿಗೂ ನಡುವೆ 350 ವೋಲ್ಟ್. ಮನೆಯ 230 ವೋಲ್ಟಿಗಿಂತ ಹೆಚ್ಚು, ಅದೂ ನಿಯಮದ ಪ್ರಕಾರ ‘ಅರ್ಥ್ ಮಾಡಿದ’ ಹ್ಯಾಂಡಲಿನಲ್ಲಿ.

ಮನುಷ್ಯ ಎಷ್ಟು ತಡೆಯಬಲ್ಲ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯಲ್ ಅವರ ಅಧ್ಯಯನಗಳಿಂದ ಬಂದ ಸೂತ್ರವನ್ನೇ ನಾವು ಇವತ್ತಿಗೂ ಬಳಸುವುದು. 50 ಕಿಲೊ ತೂಕದವರಿಗೆ 0.116 ಆಂಪಿಯರನ್ನು ಫಾಲ್ಟ್ ಇರುವ ಸೆಕೆಂಡುಗಳ ವರ್ಗಮೂಲದಿಂದ ಭಾಗಿಸಬೇಕು. ಬ್ರೇಕರ್ ಬಿಡಲು ಅರ್ಧ ಸೆಕೆಂಡ್ ಹಿಡಿದರೆ 0.164 ಆಂಪಿಯರ್. ದೇಹಕ್ಕೆ 1000 ಓಮ್ ಹಿಡಿದು, ಎರಡು ಪಾದಗಳ ಕೆಳಗಿನ ಮಣ್ಣಿನದ್ದನ್ನು ಸೇರಿಸಿದರೆ, ನಿಮ್ಮಂಥ ಮಣ್ಣಿನಲ್ಲಿ ಬರಿನೆಲದ ಮೇಲೆ ನಿಂತವರು ತಡೆಯಬಹುದಾದ ಟಚ್ ವೋಲ್ಟೇಜ್ (ಮುಟ್ಟಿದ ಕೈಗೂ ನಿಂತ ಕಾಲಿಗೂ ನಡುವಿನದು) ಸುಮಾರು 189. ನಿಮಗೆ ಸಿಕ್ಕಿದ್ದು 350ರ ಆಸುಪಾಸು ಇದ್ದಿರಬೇಕು. ನೀವು ಕೂತು ಪತ್ರ ಬರೆಯುತ್ತಿದ್ದೀರಿ ಅಂದರೆ ಒಂದೋ ಕರೆಂಟ್ ನಾನು ಹಿಡಿದದ್ದಕ್ಕಿಂತ ಕಡಿಮೆ ಇತ್ತು, ಇಲ್ಲವೇ ನಿಮ್ಮ ಬೂಟು ಒಣಗಿ ಗಟ್ಟಿಯಾಗಿತ್ತು, ಇಲ್ಲವೇ ರಿಲೇ ಚುರುಕಾಗಿತ್ತು. ಮಳೆಗಾಲದಲ್ಲಿ ಒದ್ದೆ ಬೂಟಿನಲ್ಲಿ ಇದೇ ಆಗಿದ್ದರೆ ಎಂಬುದನ್ನು ಯೋಚಿಸಲೂ ನನಗೆ ಮನಸ್ಸಾಗುವುದಿಲ್ಲ.

ಇನ್ನು ಜಲ್ಲಿ. ಆ ಹೊಸ ಬೇಯಲ್ಲಿ ಜಲ್ಲಿ ಇದೆಯೆ? ನೀವು ಬರೆದಿಲ್ಲ. ಯಾರ್ಡಿಗೆ ಜಲ್ಲಿ ಹಾಕುವುದು ಅಂದಕ್ಕೆ, ಹೆಚ್ಚೆಂದರೆ ಹುಲ್ಲು ಬೆಳೆಯದಿರಲಿ ಎಂಬುದಕ್ಕೆ ಅಂತಲೇ ಬಹಳ ಜನ ತಿಳಿದಿದ್ದಾರೆ. ಮಳೆಯಲ್ಲಿ ನೆನೆದ ಜಲ್ಲಿಯ ರೆಸಿಸ್ಟಿವಿಟಿಯನ್ನೂ ಲೆಕ್ಕಕ್ಕೆ 3000 ಓಮ್-ಮೀಟರ್ ಎಂದು ಹಿಡಿಯುವ ರೂಢಿ. ನಿಮ್ಮ ಮಣ್ಣಿನ ಮೂವತ್ತು ಪಟ್ಟು. ನೂರು ಮಿಲಿಮೀಟರ್ ದಪ್ಪ ಹಾಸಿದರೆ, ಮೇಲಿನ 189 ವೋಲ್ಟಿನ ಮಿತಿ 680ರ ಹತ್ತಿರಕ್ಕೆ ಏರುತ್ತದೆ. ಅಂದರೆ ನಾಲ್ಕು ಅಂಗುಲ ಜಲ್ಲಿ ಇದ್ದಿದ್ದರೆ ಅದೇ 350 ವೋಲ್ಟ್ ನಿಮಗೆ ಮಿತಿಯೊಳಗೇ ಇರುತ್ತಿತ್ತು. ಆದರೆ ಅದು ಜಲ್ಲಿಯಾಗಿ ಉಳಿದಿರಬೇಕು. ಐದಾರು ವರ್ಷದಲ್ಲಿ ಧೂಳು ತುಂಬಿ, ಕಳೆ ಬೇರಿಳಿದು, ಕೇಬಲ್ ಹಾಕಲು ಅಗೆದ ಮಣ್ಣನ್ನು ಮೇಲೆಯೇ ಎಳೆದು, ಕಲ್ಲೂ ಮಣ್ಣೂ ಒಂದಾದ ಮೇಲೆ ಅದು ಬರಿ ನೆಲವೇ. ಕಳೆ ಕೀಳುವ ಹೆಂಗಸರಿಗೆ ಕೂಲಿ ಕೊಡುವುದನ್ನು ದಂಡದ ಖರ್ಚು ಅನ್ನುವವರಿಗೆ ಈ 189, 680ರ ಲೆಕ್ಕ ತೋರಿಸಿ.

ಈಗ ಆರು ಪಿಟ್‌ಗಳ ವಿಚಾರ. 40 ಮಿಲಿಮೀಟರ್ ವ್ಯಾಸದ ಪೈಪನ್ನು ಮೂರು ಮೀಟರ್ ಆಳಕ್ಕೆ ಇಳಿಸಿದರೆ, 100 ಓಮ್-ಮೀಟರ್ ಮಣ್ಣಿನಲ್ಲಿ ಒಂದು ಪಿಟ್ ಸುಮಾರು 30 ಓಮ್ ಬರುತ್ತದೆ. ಹೌದು, ಮೂವತ್ತು. ಬೋರ್ಡಿನ ಮೇಲೆ 0.8 ಎಂದು ಬಿಳಿ ಬಣ್ಣದಲ್ಲಿ ಬರೆದಿರುವುದು ಆ ಪಿಟ್ಟಿನದ್ದಲ್ಲ. ಹನ್ನೆರಡು ಪಿಟ್‌ಗೂ ಒಂದೇ ಅಂಕಿ ಬಂತು ಎಂದು ನೀವು ಬರೆದದ್ದೇ ಇದಕ್ಕೆ ಸಾಕ್ಷಿ: ಪಟ್ಟಿ ಬಿಚ್ಚದೆ ಅಳೆದರೆ ಮೀಟರ್ ನೋಡುವುದು ಇಡೀ ಮ್ಯಾಟನ್ನು. ಹನ್ನೆರಡು ಬಾಗಿಲಿನಿಂದ ಇಣುಕಿದರೂ ಒಳಗಿರುವುದು ಒಂದೇ ಮನೆ.

ಆರು ಪಿಟ್ ಸೇರಿದರೆ, ಒಂದಕ್ಕೊಂದು ಅಡ್ಡ ಬರುವುದಿಲ್ಲ ಎಂದು ಉದಾರವಾಗಿ ಹಿಡಿದರೂ, 5 ಓಮ್. ಅದನ್ನು 0.8ಕ್ಕೆ ಸಮಾಂತರವಾಗಿ ಜೋಡಿಸಿದರೆ 0.69. ಕೆಮಿಕಲ್ ಹಾಕಿ ಪಿಟ್ಟಿನ ರೆಸಿಸ್ಟೆನ್ಸನ್ನು ಅರ್ಧಕ್ಕೆ ಇಳಿಸಿದೆವು ಅಂತಲೇ ಇಟ್ಟುಕೊಳ್ಳೋಣ, ಆಗ 0.6. ಮ್ಯಾಟ್ 800ರ ಬದಲು 600 ವೋಲ್ಟಿಗೆ ಏರುತ್ತದೆ, ನಿಮ್ಮ ಕೈಕಾಲಿನ ನಡುವೆ 350 ಇದ್ದದ್ದು 265 ಆಗುತ್ತದೆ. ಪಿಟ್ಟಿನ ಪಕ್ಕದಲ್ಲೇ ನಿಂತಿದ್ದರೆ ಇನ್ನಷ್ಟು ಇಳಿದೀತು, ನಾಲ್ಕು ಹೆಜ್ಜೆ ಆಚೆ ಹೋದರೆ ಇಲ್ಲ. ಬರಿನೆಲದ ಮಿತಿ 189 ಎಂಬುದನ್ನು ನೆನಪಿಡಿ. ದುಡ್ಡೂ ಹೋಯಿತು, ಶಾಕೂ ಉಳಿಯಿತು. ಮ್ಯಾಟಿನ ರೆಸಿಸ್ಟೆನ್ಸನ್ನು ತೀರ್ಮಾನಿಸುವುದು ಅದು ಆವರಿಸಿದ ಜಾಗದ ವಿಸ್ತೀರ್ಣ. ಪಿಟ್‌ಗಳಿಗೆ ಬೇರೆ ಕೆಲಸವಿದೆ: ಬೇಸಿಗೆಯಲ್ಲಿ ಮೇಲ್ಮಣ್ಣು ಒಣಗಿದಾಗ ಕೆಳಗಿನ ತೇವದ ಪದರವನ್ನು ಹಿಡಿದುಕೊಳ್ಳುವುದು, ಅರೆಸ್ಟರ್ (ಸಿಡಿಲಿನ ಕರೆಂಟನ್ನು ನೆಲಕ್ಕೆ ಇಳಿಸುವ ಸಾಧನ) ಮತ್ತು ನ್ಯೂಟ್ರಲ್‌ಗಳಿಗೆ ನೇರವಾಗಿ ಇಳಿಯುವ ದಾರಿ ಕೊಡುವುದು.

ಅಂದಹಾಗೆ ಆ 0.8 ಕೂಡ ನಂಬುವ ಅಂಕಿಯೇ ಎಂದು ಕೇಳಿ. ಯಾರ್ಡಿನ ಕರ್ಣ 85 ಮೀಟರ್ ಇರುವಾಗ ಕರೆಂಟ್ ಸ್ಪೈಕನ್ನು (ಮೀಟರಿನ ಕರೆಂಟ್ ಹರಿಸುವ ಗೂಟ) 30 ಮೀಟರಿನಲ್ಲಿ ಬಡಿದು ಅಳೆದರೆ, ಸ್ಪೈಕ್ ಇನ್ನೂ ಮ್ಯಾಟಿನ ಪ್ರಭಾವದೊಳಗೇ ಇರುತ್ತದೆ. ಮೀಟರ್ ನಿಜಕ್ಕಿಂತ ಕಡಿಮೆ ತೋರಿಸಿ ಎಲ್ಲರನ್ನೂ ಸಮಾಧಾನಪಡಿಸುತ್ತದೆ. ಕರ್ಣದ ನಾಲ್ಕೈದು ಪಟ್ಟು ದೂರ ಹೋಗಬೇಕು, ಪೊಟೆನ್ಶಿಯಲ್ ಸ್ಪೈಕನ್ನು ಆ ದೂರದ ಶೇ. 62ರ ಆಸುಪಾಸಿನಲ್ಲಿ ನೆಟ್ಟು, ಸ್ವಲ್ಪ ಹಿಂದೆ ಮುಂದೆ ಸರಿಸಿದರೂ ಅಂಕಿ ಬದಲಾಗದ ಜಾಗ ಹುಡುಕಬೇಕು. ಅಷ್ಟುದ್ದ ವೈರ್ ಹೊತ್ತು ಪಕ್ಕದವರ ಹೊಲದಲ್ಲಿ ನಡೆಯುವ ತಾಳ್ಮೆ ಎಷ್ಟು ಜನಕ್ಕಿದೆ ಎಂಬುದು ಬೇರೆ ಮಾತು.

ಅರ್ಥಿಂಗ್, ಬಾಂಡಿಂಗ್ ಒಂದೇ ಅಲ್ಲವೆ ಎಂದಿರಿ. ನಿಮ್ಮ ಶಾಕಿನಲ್ಲೇ ಇದರ ಉತ್ತರವಿದೆ. ಹ್ಯಾಂಡಲಿನಿಂದ ಮ್ಯಾಟಿಗೆ ಹೋದ ಪಟ್ಟಿ ಅರ್ಥಿಂಗ್ ಕಂಡಕ್ಟರ್. ಇನ್ಸುಲೇಟರ್ ಒಡೆದು ಸ್ಟ್ರಕ್ಚರಿನ ಮೇಲೆ ಫಾಲ್ಟ್ ಆದರೆ ಆ ಕರೆಂಟನ್ನು ಹೊತ್ತು ಮರಳಿಸಿ ರಿಲೇಯನ್ನು ಎಬ್ಬಿಸುವುದು ಅದರ ಕೆಲಸ. ಕೈ ಮುಟ್ಟುವ ಲೋಹವನ್ನೂ ಕಾಲು ನಿಂತ ಜಾಗವನ್ನೂ, ಅಥವಾ ಒಟ್ಟಿಗೆ ಮುಟ್ಟಬಹುದಾದ ಎರಡು ಲೋಹಗಳನ್ನು, ಒಂದೇ ವೋಲ್ಟೇಜಿನಲ್ಲಿ ಹಿಡಿದಿಡುವುದು ಬಾಂಡಿಂಗ್. ಅದು ಕರೆಂಟನ್ನು ಸಾಗಿಸಬೇಕೆಂದೇನಿಲ್ಲ, ವ್ಯತ್ಯಾಸ ಹುಟ್ಟದಂತೆ ನೋಡಿಕೊಂಡರೆ ಸಾಕು. ನಿಮ್ಮ ಬೇಯಲ್ಲಿ ಅರ್ಥಿಂಗ್ ಇತ್ತು, ಬಾಂಡಿಂಗ್ ಇರಲಿಲ್ಲ. ಹ್ಯಾಂಡಲನ್ನು ಮ್ಯಾಟಿಗೆ ಕಟ್ಟಿ, ನಿಮ್ಮ ಕಾಲನ್ನು ಕಟ್ಟದೆ ಬಿಟ್ಟರು. ಪಟ್ಟಿ ಕಟ್ಟದೇ ಇದ್ದಿದ್ದರೆ ಬಹುಶಃ ಆ ದಿನ ನಿಮಗೆ ಶಾಕ್ ಹೊಡೆಯುತ್ತಿರಲಿಲ್ಲ! ಹಾಗೆಂದು ಪಟ್ಟಿ ಬಿಚ್ಚಬೇಡಿ. ಬಿಚ್ಚಿದರೆ ಆ ಬೇಯ ಇನ್ಸುಲೇಟರ್ ಹೋದ ದಿನ ಅದೇ ಹ್ಯಾಂಡಲ್ ಪ್ರಾಣ ತೆಗೆಯುತ್ತದೆ.

ಇದಕ್ಕೆ ಹಳೆಯ ಕಾಲದಿಂದ ಇರುವ ಪರಿಹಾರ ಹ್ಯಾಂಡಲಿನ ಕೆಳಗಿನ ಕಬ್ಬಿಣದ ಜಾಲರಿ. ಆಪರೇಟರ್ ನಿಲ್ಲಲು ಒಂದು ಮೀಟರ್ ಚೌಕದ ಜಾಲರಿ ಇಟ್ಟು, ಅದರಿಂದ ಹ್ಯಾಂಡಲಿಗೆ ನೇರವಾಗಿ ಒಂದು ಪಟ್ಟಿ, ಮ್ಯಾಟಿಗೆ ಇನ್ನೊಂದು. ಹ್ಯಾಂಡಲ್ ತಿರುಗುವ ಭಾಗವಾದ್ದರಿಂದ ಬೇರಿಂಗಿನ ಗ್ರೀಸನ್ನೂ ತುಕ್ಕನ್ನೂ ನಂಬಬಾರದು, ಹೆಣೆದ ತಾಮ್ರದ ಮೆತ್ತನೆ ಪಟ್ಟಿ ಬೇಕು. ಮ್ಯಾಟ್ 800ಕ್ಕೆ ಏರಲಿ, 8000ಕ್ಕೆ ಏರಲಿ, ಆ ಜಾಲರಿಯ ಮೇಲೆ ಎರಡೂ ಕಾಲಿಟ್ಟು ನಿಂತವರ ಕೈಗೂ ಕಾಲಿಗೂ ವ್ಯತ್ಯಾಸವೇ ಇರುವುದಿಲ್ಲ. ನಾಲ್ಕು ಅಡಿ ಕಬ್ಬಿಣ, ಎರಡು ಅಡಿ ತಾಮ್ರ. ಆರು ಕೆಮಿಕಲ್ ಪಿಟ್‌ಗಿಂತ ಎಷ್ಟೋ ಅಗ್ಗ.

ತಾಮ್ರ ಅಂದಕೂಡಲೇ ಕಳ್ಳರ ನೆನಪು ಬರುತ್ತದೆ. ಗೇಟಿಗೂ ಕಂಬಕ್ಕೂ ನಡುವಿನ ತಾಮ್ರದ ಹೆಣಿಗೆ, ಹ್ಯಾಂಡಲಿನ ಹೆಣಿಗೆ, ಇವು ಯಾರ್ಡಿನಲ್ಲಿ ಮೊದಲು ಮಾಯವಾಗುವ ವಸ್ತುಗಳು. ಹೋದ ಮೇಲೆ ಅಲ್ಲಿಗೆ ಎಂಟು ಗೇಜಿನ ಜಿಐ ತಂತಿ ಸುತ್ತಿ ‘ಕಂಟಿನ್ಯುಟಿ ಇದೆ’ ಅನ್ನುತ್ತಾರೆ. ಆ ತಂತಿಯ ಅಡ್ಡಕೊಯ್ತ 13 ಚದರ ಮಿಲಿಮೀಟರ್. ಉಕ್ಕಿಗೆ ಒಂದು ಸೆಕೆಂಡಿಗೆ ಚದರ ಮಿಲಿಮೀಟರಿಗೆ 80 ಆಂಪಿಯರ್ ಲೆಕ್ಕದಲ್ಲಿ ಅದು ಹೊರುವುದು ಸುಮಾರು 1000 ಆಂಪಿಯರ್. 66 ಕೆವಿ ಕಡೆಯ ಫಾಲ್ಟಿಗೆ ಅದು ಫ್ಯೂಸ್ ಇದ್ದ ಹಾಗೆ. ಬೇಕಾದ ಹೊತ್ತಿನಲ್ಲಿ ಕರಗಿ ಹೋಗುತ್ತದೆ.

ಅಲ್ಲಿಂದ ನಿಮ್ಮ ಎರಡು ಪಟ್ಟಿಯ ಪ್ರಶ್ನೆಗೆ ಬರಬಹುದು. ಎರಡು ಪ್ರತ್ಯೇಕ ಅರ್ಥ್ ಸಂಪರ್ಕ ಎಂಬುದು ನಿನ್ನೆ ಮೊನ್ನೆಯ ಮಾತಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ ಇತ್ತು, ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲಿ ಉಳಿಯಿತು, ಅವುಗಳ ಜಾಗಕ್ಕೆ 2023ರಲ್ಲಿ ಬಂದ ನಿಯಮಗಳಲ್ಲೂ ಇದೆ. ಅರ್ಧರ್ಧ ಕರೆಂಟ್ ಹಂಚಿಕೊಳ್ಳಲಿ ಎಂದು ಎರಡು ಹಾಕುವುದಲ್ಲ. ಒಂದು ಪೂರ್ತಿ ಹೋದರೂ ಇನ್ನೊಂದು ಇಡೀ ಫಾಲ್ಟ್ ಹೊರಬೇಕು, ಅದಕ್ಕೆ. ಆದ್ದರಿಂದ ಎರಡನ್ನೂ ಪೂರ್ತಿ ಅಳತೆಗೇ ಹಾಕಬೇಕು. ದಪ್ಪನೆಯ ಒಂದೇ ಪಟ್ಟಿ ಹಾಕಿದರೆ ಅದರ ಒಂದು ವೆಲ್ಡ್ ಬಿಟ್ಟಿತೆಂದರೆ ಎಲ್ಲವೂ ಮುಗಿಯಿತು, ಮತ್ತೆ ಆ ವೆಲ್ಡ್ ಇರುವುದು ನೆಲದೊಳಗೆ.

ಎರಡನ್ನು ಹಾಕುವಾಗಲೂ ನಮ್ಮವರು ಮಾಡುವ ಚಮತ್ಕಾರ ನೋಡಬೇಕು. ಒಂದು ಸ್ಟೇಷನ್ನಿನಲ್ಲಿ ಪ್ರತಿ ಸ್ಟ್ರಕ್ಚರಿನ ಎರಡೂ ಬದಿಗೆ ಹೊಳೆಯುವ ಪಟ್ಟಿ, ಹಸಿರು ಬಣ್ಣ, ನೋಡಲು ಲಕ್ಷಣ. ಅಗೆದರೆ ಎರಡೂ ಪಟ್ಟಿ ಒಂದಡಿ ಕೆಳಗೆ ಕೂಡಿಕೊಂಡು, ಮ್ಯಾಟಿನ ಒಂದೇ ಸರಳಿಗೆ ಒಂದೇ ವೆಲ್ಡಿನಲ್ಲಿ ಅಂಟಿದ್ದವು. ಇನ್ನೊಂದು ಕಡೆ ಮೇಲ್ಗಡೆಯೇ ಎರಡೂ ಪಟ್ಟಿಗೆ ಒಂದೇ ಬೋಲ್ಟ್. ಲೆಕ್ಕಕ್ಕೆ ಎರಡು, ಉಪಯೋಗಕ್ಕೆ ಒಂದು. ಸ್ಟ್ರಕ್ಚರಿನ ಎದುರುಬದುರು ಕಾಲುಗಳಿಂದ ಇಳಿದು, ಮ್ಯಾಟಿನ ಬೇರೆ ಬೇರೆ ಸರಳುಗಳನ್ನು, ಸಾಧ್ಯವಾದರೆ ಒಂದು ಉದ್ದದ್ದನ್ನೂ ಒಂದು ಅಡ್ಡದ್ದನ್ನೂ, ಹಿಡಿಯಬೇಕು.

ಅಳತೆ ಎಷ್ಟಿರಬೇಕು? ನಿಮ್ಮ 66 ಕೆವಿ ಬಸ್ಸಿನ (ಎಲ್ಲ ಬೇಗಳೂ ಸೇರುವ ವಾಹಕ) ಫಾಲ್ಟ್ ಲೆವೆಲ್, ಅಂದರೆ ಅಲ್ಲಿ ಫಾಲ್ಟ್ ಆದರೆ ಹರಿಯಬಹುದಾದ ಕರೆಂಟ್, 25 ಸಾವಿರ ಆಂಪಿಯರ್ ಎಂದಿಟ್ಟುಕೊಂಡರೆ, ಒಂದು ಸೆಕೆಂಡಿಗೆ, 80ರಿಂದ ಭಾಗಿಸಿ 313 ಚದರ ಮಿಲಿಮೀಟರ್. ಎಲ್ಲೆಡೆ ಕಣ್ಣಿಗೆ ಬೀಳುವ 50×6 ಪಟ್ಟಿ 300, ಆಗಲೇ ಚೂರು ಕಡಿಮೆ. ಮೇಲೆ ತುಕ್ಕಿಗೆಂದು ಕೊಡುವ ಪಾಲು: ಮಣ್ಣು 25ರಿಂದ 100 ಓಮ್-ಮೀಟರಿನೊಳಗೆ ಇದ್ದರೆ ಶೇ. 15, 25ಕ್ಕಿಂತ ಕೆಳಗಿದ್ದರೆ ಶೇ. 30. ನಿಮ್ಮ ಕೆಂಪು ಮಣ್ಣಿಗೆ 50×8 ಸಾಕು. ಉತ್ತರದ ಎರೆ ಸೀಮೆಯಾದರೆ ನಾನು 75×8ಕ್ಕೆ ಹೋಗುತ್ತೇನೆ. ಎರೆಮಣ್ಣಿನ ರೆಸಿಸ್ಟಿವಿಟಿ ಕಡಿಮೆ, ಅರ್ಥಿಂಗಿಗೆ ಹೇಳಿ ಮಾಡಿಸಿದ್ದು ಎಂದು ಹೊಗಳುವವರು ಅದೇ ಮಣ್ಣು ಕಬ್ಬಿಣ ತಿನ್ನುವುದನ್ನೂ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಪೈಪಿನ ಕೈ ಬಿಡುವುದನ್ನೂ ಮರೆಯುತ್ತಾರೆ. ಉಪ್ಪು ಇದ್ದಿಲು ಹಾಕುವ ಹಳೆಯ ಪಿಟ್‌ಗಳಿಗೂ ಇದೇ ಮಾತು. ಓಮ್ ಇಳಿಸಿದ ಉಪ್ಪೇ ಪೈಪನ್ನು ತಿನ್ನುತ್ತದೆ.

ತಾಮ್ರವೇ ಏಕೆ ಬೇಡ ಎಂದು ಕೇಳುವವರಿರುತ್ತಾರೆ. ತಾಮ್ರ ಚದರ ಮಿಲಿಮೀಟರಿಗೆ 205 ಆಂಪಿಯರ್ ಹೊರುತ್ತದೆ, ತುಕ್ಕಿನ ಚಿಂತೆಯೂ ಕಡಿಮೆ. ಆದರೆ ನೆಲದಲ್ಲಿ ತಾಮ್ರದ ಪಕ್ಕ ಇರುವ ಉಕ್ಕಿನ ಪೈಪು, ಕೇಬಲಿನ ಕವಚ, ಫೌಂಡೇಶನ್ ಕಂಬಿ, ಇವೆಲ್ಲ ಅದರ ಬದಲಿಗೆ ಸವೆಯುತ್ತವೆ. ಬೆಲೆ ಮತ್ತು ಕಳ್ಳತನ ಬೇರೆ. ನಮ್ಮ ದೇಶದಲ್ಲಿ ನೆಲದೊಳಗೆ ಉಕ್ಕು ಉಳಿದುಕೊಂಡದ್ದು ಈ ಕಾರಣಗಳಿಗೆ, ಅದು ಸರಿಯಾದ ತೀರ್ಮಾನವೆಂದೇ ನನ್ನ ಎಣಿಕೆ.

ಪಟ್ಟಿ ಸಾಯುವುದು ಎಲ್ಲಿ ಗೊತ್ತೆ? ನೆಲದ ಆಳದಲ್ಲಲ್ಲ, ಮೇಲೂ ಅಲ್ಲ. ಮಣ್ಣೂ ಗಾಳಿಯೂ ಸೇರುವ ಆ ಒಂದು ಗೇಣಿನಲ್ಲಿ. ಮೇಲೆ ಬಣ್ಣ ಹೊಸದಾಗಿರುತ್ತದೆ, ಅರ್ಧ ಅಡಿ ಕೆರೆದರೆ ಎಂಟು ಮಿಲಿಮೀಟರಿನ ಪಟ್ಟಿ ಹಪ್ಪಳದಂತೆ ಕೈಯಲ್ಲಿ ಪುಡಿಯಾಗುತ್ತದೆ. ಹೀಗೆ ಪುಡಿಯಾದದ್ದನ್ನು ಪಿಟ್ ಟೆಸ್ಟ್ ಯಾವತ್ತೂ ತೋರಿಸುವುದಿಲ್ಲ: ಪಿಟ್ಟಿಗೂ ಮ್ಯಾಟಿಗೂ ಸಂಬಂಧ ಚೆನ್ನಾಗಿಯೇ ಇದೆ, ಕಡಿದಿರುವುದು ಸ್ಟ್ರಕ್ಚರಿಗೂ ಮ್ಯಾಟಿಗೂ ನಡುವೆ. ನೆಲಮಟ್ಟದ ಮೇಲೆ ಒಂದು ಗೇಣು, ಕೆಳಗೆ ಒಂದು ಗೇಣು ಟಾರು ಬಳಿಯಬೇಕು. ನೆಲದೊಳಗಿನ ಜೋಡಣೆ ಯಾವಾಗಲೂ ವೆಲ್ಡ್, ಬೋಲ್ಟ್ ಅಲ್ಲ. ಪಟ್ಟಿಯ ಅಗಲದ ಎರಡು ಪಟ್ಟಷ್ಟು ಒಂದರ ಮೇಲೊಂದು ಇಟ್ಟು, ನಾಲ್ಕೂ ಕಡೆ ವೆಲ್ಡ್ ಮಾಡಿ, ಸ್ಲ್ಯಾಗ್ ಬಡಿದು ನೋಡಿ, ಮೇಲೆ ಟಾರು ಮತ್ತು ಸೆಣಬು. ಬೋಲ್ಟ್ ಬಿಸಿಗೆ ಸಡಿಲವಾಗುತ್ತದೆ, ಹಾಗಾಗಿ ಅದು ನೆಲದ ಮೇಲೆ, ಬಿಚ್ಚಿ ಪರೀಕ್ಷಿಸಬೇಕಾದ ಜಾಗದಲ್ಲಿ ಮಾತ್ರ. ಅಲ್ಲೂ ಬಣ್ಣ ಕೆರೆದು ಲೋಹಕ್ಕೆ ಲೋಹ ಕೂರಿಸಬೇಕು. ಬಣ್ಣದ ಮೇಲೆ ಬೋಲ್ಟ್ ಬಿಗಿದದ್ದನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನಿಮ್ಮ ಬೇ ಪರೀಕ್ಷೆಗೆ ಪಿಟ್ ಮೀಟರ್ ಬೇಡ. ಟ್ರಾನ್ಸ್‌ಫಾರ್ಮರ್ ಟ್ಯಾಂಕಿನ ಪಟ್ಟಿಯನ್ನು ಆಧಾರವಾಗಿ ಹಿಡಿದು, ಅಲ್ಲಿಂದ ಹೊಸ ಬೇಯ ಪ್ರತಿ ಪಟ್ಟಿಗೆ ನೂರು ಆಂಪಿಯರಿನಷ್ಟು ಕರೆಂಟ್ ಹಾಯಿಸಿ, ನಡುವೆ ಎಷ್ಟು ವೋಲ್ಟ್ ಬಿತ್ತು ಎಂದು ನೋಡುವ ಪರೀಕ್ಷೆ ಇದೆ. ಕ್ಲಾಂಪ್ ಮೀಟರಿನಿಂದ ಕರೆಂಟ್ ನೆಲದ ಕಡೆ ಎಷ್ಟು ಇಳಿಯಿತು, ಸ್ಟ್ರಕ್ಚರಿನ ಕಡೆ ಎಷ್ಟು ಏರಿತು ಎಂಬುದನ್ನೂ ನೋಡಬೇಕು. ಅಷ್ಟೂ ಮೇಲಕ್ಕೇ ಹೋದರೆ ಆ ಪಟ್ಟಿ ಕೆಳಗೆ ಕಡಿದಿದೆ. ಹತ್ತು ಪಟ್ಟಿಗಳಲ್ಲಿ ಒಂಬತ್ತು ಒಂದೇ ತರಹ ಇದ್ದು ಒಂದು ಬೇರೆಯಾಗಿ ಕಂಡರೆ ಅಲ್ಲಿ ಅಗೆಯಿರಿ. ಇದನ್ನು ಎಂಆರ್‌ಟಿ (ಮೀಟರ್, ರಿಲೇ ಪರೀಕ್ಷಿಸುವ ವಿಭಾಗ) ಸಿಬ್ಬಂದಿಯ ಕೈಯಲ್ಲೇ ಮಾಡಿಸಿ. ಚಾರ್ಜ್ ಆಗಿರುವ ಯಾರ್ಡಿನಲ್ಲಿ ನ್ಯೂಟ್ರಲ್ ಪಟ್ಟಿಯನ್ನಾಗಲಿ ಅರೆಸ್ಟರ್ ಪಟ್ಟಿಯನ್ನಾಗಲಿ ‘ಒಂದೇ ನಿಮಿಷ’ ಎಂದು ಬಿಚ್ಚಬಾರದು. ಬಿಚ್ಚಿದ ಎರಡು ತುದಿಗಳ ನಡುವೆ ಫಾಲ್ಟ್ ಹೊತ್ತಿಗೆ ಸಾವಿರಾರು ವೋಲ್ಟ್ ಬರಬಹುದು, ಸ್ಪ್ಯಾನರ್ ಹಿಡಿದಿರುವವರು ನೀವು.

ಅರೆಸ್ಟರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೊಸ ಬೇ ನೋಡಲು ಹೋದಾಗ ಅದನ್ನೂ ನೋಡಿಬಿಡಿ. ಸಿಡಿಲಿಗೆ ಓಮ್‌ಗಿಂತ ಪಟ್ಟಿಯ ಉದ್ದ ಮುಖ್ಯ. ಪ್ರತಿ ಮೀಟರಿಗೆ ಸುಮಾರು ಒಂದು ಮೈಕ್ರೊಹೆನ್ರಿ ಇಂಡಕ್ಟೆನ್ಸ್ ಇರುತ್ತದೆ. ಎಂಟು ಮೈಕ್ರೊಸೆಕೆಂಡಿನಲ್ಲಿ 10 ಸಾವಿರ ಆಂಪಿಯರ್ ಏರಿದರೆ ಮೀಟರಿಗೆ 1250 ವೋಲ್ಟ್. ಅಂದವಾಗಿರಲಿ ಎಂದು ಸ್ಟ್ರಕ್ಚರಿನ ಸುತ್ತ ಲಂಬಕೋನಗಳಲ್ಲಿ ಬಳಸಿ ತಂದ ಪಟ್ಟಿಯನ್ನು ಬಿಚ್ಚಿಸಿ, ನೆಟ್ಟಗೆ ಇಳಿಸಿ. ಸರ್ಜ್ ಕೌಂಟರ್ (ಅರೆಸ್ಟರ್ ಎಷ್ಟು ಸಲ ಕೆಲಸ ಮಾಡಿತೆಂದು ಎಣಿಸುವ ಮೀಟರ್) ಇದ್ದರೆ ಅರೆಸ್ಟರಿನ ಬುಡ ಇನ್ಸುಲೇಟರ್ ಮೇಲೆ ಕೂತಿರಬೇಕು. ಬುಡವನ್ನು ಸ್ಟ್ರಕ್ಚರಿಗೆ ನೇರ ಬಿಗಿದಿದ್ದರೆ ಕರೆಂಟ್ ಕೌಂಟರನ್ನು ಬಿಟ್ಟೇ ಹೋಗುತ್ತದೆ, ಅದು ವರ್ಷಗಟ್ಟಲೆ ಸೊನ್ನೆ ತೋರಿಸುತ್ತ ಕೂರುತ್ತದೆ.

ಅದಕ್ಕಿಂತ ತುರ್ತಿನದು ಸರಿಸಿದ ಬೇಲಿ. ಅದನ್ನು ಮ್ಯಾಟಿಗೆ ಕಟ್ಟಿದ್ದರೆ, ನಿಮಗೆ ಆದದ್ದೇ ಆಚೆಯಿಂದ ಬೇಲಿಗೆ ಒರಗಿ ನಿಂತ ಕುರಿ ಕಾಯುವವನಿಗೂ ಆಗಬಹುದು, ಅವನ ಕಾಲಲ್ಲಿ ಬೂಟೂ ಇರುವುದಿಲ್ಲ. ಬೇಲಿಯನ್ನು ಮ್ಯಾಟಿಗೆ ಕಟ್ಟುವುದಾದರೆ ಮ್ಯಾಟ್ ಬೇಲಿಯಿಂದಾಚೆ ಒಂದು ಮೀಟರ್ ದಾಟಿ ಹೋಗಿರಬೇಕು. ಇಲ್ಲವಾದರೆ ಬೇಲಿಗೆ ಅದರದೇ ಬೇರೆ ಅರ್ಥ್ ಕೊಟ್ಟು, ಮ್ಯಾಟಿಗೆ ಕಟ್ಟಿದ ಯಾವ ಲೋಹವೂ ಒಂದೇ ಕೈಯಳತೆಯಲ್ಲಿ ಸಿಗದಷ್ಟು ದೂರ ಇಡಬೇಕು. ಎರಡೂ ಅಲ್ಲದ ಸ್ಥಿತಿಯಲ್ಲಿ ನಿಮ್ಮದು ಈಗ ಇದೆ ಎಂದು ನನ್ನ ಊಹೆ. ಕ್ವಾರ್ಟರ್ಸ್‌ಗೆ ಯಾರ್ಡಿನಿಂದ ಹೋಗುವ ಜಿಐ ನೀರಿನ ಪೈಪ್ ಇದ್ದರೆ, ಬೇಲಿಯ ಹತ್ತಿರ ಕೆಲವು ಮೀಟರ್ ಪಿವಿಸಿ ತುಂಡು ಸೇರಿಸಿ. ಇಲ್ಲವಾದರೆ ಆ 800 ವೋಲ್ಟ್ ಪೈಪ್ ಹಿಡಿದು ಯಾರದೋ ಅಡುಗೆಮನೆಯ ನಲ್ಲಿಗೆ ತಲುಪುತ್ತದೆ.

ಕೊನೆಗೆ, ಮೇಲಿನವರಿಗೆ ಏನು ಬರೆಯಬೇಕು ಎಂಬುದು. ‘ಶಾಕ್ ಹೊಡೆಯಿತು, ಅರ್ಥಿಂಗ್ ಸರಿಪಡಿಸಿ’ ಎಂದು ಬರೆದರೆ ಆರು ಪಿಟ್ ಬರುತ್ತವೆ. ಹೊಸ ಬೇ ಮತ್ತು ಬೇಲಿಯ ಪೂರ್ತಿ ಜಾಗಕ್ಕೆ ಮ್ಯಾಟ್ ವಿಸ್ತರಿಸಿ, ಹಳೆಯ ಮ್ಯಾಟಿಗೆ ಕನಿಷ್ಠ ನಾಲ್ಕೈದು ಕಡೆ ವೆಲ್ಡ್ ಮಾಡಬೇಕು, ಹ್ಯಾಂಡಲ್‌ಗಳ ಕೆಳಗೆ ಬಾಂಡ್ ಮಾಡಿದ ಜಾಲರಿ, ಮೇಲೆ ನೂರು ಮಿಲಿಮೀಟರ್ ಜಲ್ಲಿ ಬೇಕು ಎಂದು ಬರೆಯಿರಿ. ಅದರ ಮೊದಲು ಅಗೆದು, ಗುಂಡಿಯ ಪಕ್ಕ ಟೇಪ್ ಇಟ್ಟು ಫೋಟೊ ತೆಗೆದು ಲಗತ್ತಿಸಿ. ನಾಲ್ಕು ಕಡೆ ಅಗೆದರೂ ಮ್ಯಾಟ್ ಸಿಗಲಿಲ್ಲ ಎಂಬ ಫೋಟೊಗೆ ಉತ್ತರ ಹೇಳುವುದು ಕಷ್ಟ.

ಒಂದುವೇಳೆ ಮ್ಯಾಟ್ ಸಿಕ್ಕಿದರೆ ನನ್ನ ಅನುಮಾನ ತಪ್ಪು. ಆಗ ಅದು ಹಳೆಯದಕ್ಕೆ ಎಲ್ಲಿ, ಎಷ್ಟು ಕಡೆ ಸೇರಿದೆ ಎಂದು ಹುಡುಕಿ ನನಗೆ ಮತ್ತೆ ಬರೆಯಿರಿ. ಅಲ್ಲಿಯವರೆಗೆ ಆ ಹ್ಯಾಂಡಲಿಗೆ ಕೈ ಹಾಕುವ ಮುಂಚೆ ಎಚ್‌ಟಿ (ಹೈ ಟೆನ್ಷನ್) ಗ್ಲೌಸ್ ಹಾಕಿಕೊಳ್ಳಿ, ಕಂಟ್ರೋಲ್ ರೂಮಿನ ರಬ್ಬರ್ ಮ್ಯಾಟ್ ಒಂದನ್ನು ಹೊತ್ತು ತಂದು ಕಾಲಡಿ ಹಾಸಿಕೊಳ್ಳಿ, ಮಳೆ ಬರುತ್ತಿದ್ದರೆ ಎಲ್‌ಸಿ ಕೇಳುವ ಪವರ್‌ಮ್ಯಾನ್‌ಗೆ ಹತ್ತು ನಿಮಿಷ ಕಾಯಲು ಹೇಳಿ.